ಇಂಕ್ ಪೆನ್ ಸೋರಿದರೆ ಏನು ಮಾಡಬೇಕು, ಎಷ್ಟು ಖರ್ಚಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಒಂದು ಹಳೆಯ ಮೇಜು ಉಂಟು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಲ್ಲಿ ಕೂತು ಪರಿಚಯದವರ ಇಂಕ್ ಪೆನ್ ಬಿಚ್ಚುವುದು ನನ್ನ ಹುಚ್ಚು. ಅಂಗಡಿ ಅಲ್ಲ, ಬೋರ್ಡೂ ಇಲ್ಲ. ಆದರೂ ಉಡುಪಿಯಿಂದ, ಕಾರ್ಕಳದಿಂದ, ಪುತ್ತೂರಿನಿಂದ ಪೆನ್ನುಗಳು ಬರುತ್ತವೆ. ಬಂದವರು ಕೇಳುವ ಮೊದಲ ಮಾತು "ಎಷ್ಟಾಗ್ತದೆ?" ನಾನು ಕೇಳುವ ಮೊದಲ ಮಾತು "ಎಲ್ಲಿಂದ ಸೋರುತ್ತದೆ?" ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ಅವರ ಪ್ರಶ್ನೆಗೆ ಉತ್ತರ. ಹೇಳಿದ್ದನ್ನೇ ಹೇಳಿ ಬಾಯಿ ನೋಯುತ್ತದೆ ಎಂದು ಇಲ್ಲಿ ಬರೆದಿಟ್ಟಿದ್ದೇನೆ. ದರಗಳೆಲ್ಲ ನಾನು ಕೊಟ್ಟದ್ದು, ಕೇಳಿದ್ದು, ಅಂದಾಜು. ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಆಚೀಚೆ ಆಗುತ್ತದೆ.

ನನ್ನ ಪೆನ್ ನಿಜವಾಗಿಯೂ ಲೀಕ್ ಆಗುತ್ತಿದೆಯಾ?

ಆಗದೆಯೂ ಇರಬಹುದು. ನನ್ನ ಮೇಜಿಗೆ ಬರುವ ಪೆನ್ನುಗಳಲ್ಲಿ ತುಂಬಾ ಪೆನ್ನುಗಳಿಗೆ ರೋಗವೇ ಇರುವುದಿಲ್ಲ.

ನಿಬ್ಬಿನ ಮೇಲ್ಮೈಯಲ್ಲಿ, ಸೀಳಿನ ಎರಡೂ ಬದಿ, ತೆಳುವಾಗಿ ಶಾಯಿ ಹರಡಿದ್ದರೆ ಅದು ಲೀಕ್ ಅಲ್ಲ. ಕೆಲವು ಶಾಯಿಗಳ ಗುಣವೇ ಹಾಗೆ, ಲೋಹದ ಮೇಲೆ ಹತ್ತಿಕೊಂಡು ಹೋಗುತ್ತವೆ. ಒರೆಸಿ ಬರೆಯಿರಿ, ಅಷ್ಟೇ. ಕ್ಯಾಪಿನ ಒಳಗೆ ಮಾತ್ರ ಶಾಯಿ ಚೆಲ್ಲಿದ್ದರೆ ಬ್ಯಾಗಿನಲ್ಲಿ ಪೆನ್ ತಲೆಕೆಳಗಾಗಿ ಕುಣಿದಿದೆ ಎಂದರ್ಥ. ಸ್ಕೂಟರಿನ ಹುಕ್ಕಿಗೆ ಬ್ಯಾಗ್ ನೇತುಹಾಕಿ ಗುಂಡಿ ಬಿದ್ದ ರಸ್ತೆಯಲ್ಲಿ ಬಂದರೆ ಯಾವ ಪೆನ್ನಾದರೂ ಎರಡು ಹನಿ ಕಕ್ಕುತ್ತದೆ. ಆಮೇಲೆ ಆ ಕ್ಯಾಪಿನ ಶಾಯಿ ಪೆನ್ನಿನ ಕತ್ತಿಗೆ, ಅಂದರೆ ಬರೆಯುವಾಗ ಬೆರಳು ಹಿಡಿಯುವ ಭಾಗಕ್ಕೆ, ಮೆತ್ತಿಕೊಂಡು, ಕತ್ತಿನಿಂದ ಬೆರಳಿಗೆ ಬಂದು, ನಾವು "ಕತ್ತು ಒಡೆದಿದೆ" ಎಂದು ಹೆದರುತ್ತೇವೆ. ಕ್ಯಾಪಿನ ಒಳಗೆ ಟಿಶ್ಯೂ ಪೇಪರನ್ನು ಬತ್ತಿಯ ಹಾಗೆ ಹೊಸೆದು ತಿರುಗಿಸಿ ಒರೆಸಿ. ಮೂರು ದಿನ ನೋಡಿ. ಅರ್ಧಕ್ಕರ್ಧ ದೂರು ಇಲ್ಲೇ ಮುಗಿಯುತ್ತದೆ, ಖರ್ಚು ಸೊನ್ನೆ.

ಒರೆಸಿದ ಮೇಲೂ ಶಾಯಿ ಬರುತ್ತಿದೆ. ಎಲ್ಲಿಂದ ಎಂದು ಹೇಗೆ ತಿಳಿಯುವುದು?

ರಾತ್ರಿ ಒಂದು ಪರೀಕ್ಷೆ ಮಾಡಿ. ಪೆನ್ನನ್ನು ಪೂರ್ತಿ ಒರೆಸಿ ಒಣಗಿಸಿ. ಕತ್ತು ಮತ್ತು ಬ್ಯಾರಲ್ (ಹಿಂದಿನ ಉದ್ದ ಕೊಳವೆ) ಸೇರುವ ಜಾಗಕ್ಕೆ ಬಿಳಿ ಟಿಶ್ಯೂ ಒಂದು ಸುತ್ತು ಸುತ್ತಿ, ದಾರ ಕಟ್ಟಿ. ಕ್ಯಾಪ್ ಹಾಕದೆ, ನಿಬ್ ಕೆಳಗೆ ಮಾಡಿ, ಒಂದು ಸ್ಟೀಲ್ ಲೋಟದೊಳಗೆ ನಿಲ್ಲಿಸಿ. ಲೋಟದ ತಳದಲ್ಲೂ ಟಿಶ್ಯೂ ಇರಲಿ, ಆದರೆ ನಿಬ್ ಅದಕ್ಕೆ ತಾಗಬಾರದು. ತಾಗಿದರೆ ಟಿಶ್ಯೂ ಇಡೀ ರಾತ್ರಿ ಶಾಯಿ ಹೀರುತ್ತದೆ, ಬೆಳಿಗ್ಗೆ ನೀವು ಸುಳ್ಳು ಸಾಕ್ಷಿ ನೋಡುತ್ತೀರಿ.

ಬೆಳಿಗ್ಗೆ ಲೋಟದ ತಳದಲ್ಲಿ ಹನಿ ಇದ್ದರೆ ತೊಂದರೆ ನಿಬ್ ಅಥವಾ ನಾಲಿಗೆಯದ್ದು. ನಾಲಿಗೆ ಎಂದರೆ ನಿಬ್ಬಿನ ಕೆಳಗಿರುವ ಕಪ್ಪು ತುಂಡು, ಅಂಗಡಿಯವರು ಫೀಡ್ ಎನ್ನುತ್ತಾರೆ. ಸುತ್ತಿದ ಟಿಶ್ಯೂವಿನಲ್ಲಿ ಬಳೆಯ ಹಾಗೆ ನೀಲಿ ಗೆರೆ ಬಂದಿದ್ದರೆ ಥ್ರೆಡ್ಡಿನಿಂದ, ಅಂದರೆ ತಿರುಪಿನ ಸುತ್ತುಗಳಿಂದ, ಸೋರಿದೆ. ಒಂದೇ ಕಡೆ ಉದ್ದಕ್ಕೆ ಕಲೆ ಇದ್ದರೆ ಅಲ್ಲಿ ಕೂದಲೆಳೆಯಷ್ಟು ಬಿರುಕು ಉಂಟು.

ಮಣಿಪಾಲದಲ್ಲಿ ಓದುವ ಹುಡುಗಿಯೊಬ್ಬಳು ಪಾರದರ್ಶಕ ಪೆನ್ ತಂದಿದ್ದಳು. ನಿಬ್ ಬದಲಾಯಿಸಬೇಕು ಎಂದು ಯಾರೋ ಹೇಳಿದ್ದರಂತೆ. ಟಿಶ್ಯೂ ಸುತ್ತಿ ಇಟ್ಟೆವು. ನಾವು ಚಾ ಕುಡಿದು ಮುಗಿಸುವಷ್ಟರಲ್ಲಿ ಟಿಶ್ಯೂವಿನ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಚುಕ್ಕಿ ಎದ್ದಿತು. ಲೆನ್ಸ್ ಹಿಡಿದು ನೋಡಿದರೆ ಕತ್ತಿನ ಬಾಯಿಯಲ್ಲಿ ಬಿರುಕು, ಒಂದು ಅಕ್ಕಿಕಾಳಿನ ಉದ್ದ. ನಿಬ್ಬಿಗೆ ದುಡ್ಡು ಕೊಟ್ಟಿದ್ದರೆ ಅದು ನೀರಿಗೆ ಹೋದ ಹಾಗೇ ಅಲ್ವಾ?

ಒಳ್ಳೆಯ ಪೆನ್ನಿನಲ್ಲಿ ಶಾಯಿ ತಾನಾಗಿ ಯಾಕೆ ಸುರಿಯುವುದಿಲ್ಲ?

ಎಳನೀರಿಗೆ ಹಾಕಿದ ಸ್ಟ್ರಾದ ಮೇಲಿನ ಬಾಯಿಗೆ ಬೆರಳು ಒತ್ತಿ ಎತ್ತಿ ನೋಡಿ. ನೀರು ಸ್ಟ್ರಾದೊಳಗೇ ನಿಲ್ಲುತ್ತದೆ. ಬೆರಳು ತೆಗೆದರೆ ಗಾಳಿ ನುಗ್ಗುತ್ತದೆ, ನೀರು ಬೀಳುತ್ತದೆ. ಪೆನ್ನಿನಲ್ಲೂ ಇದೇ. ಶಾಯಿ ಹೊರಬರಬೇಕಾದರೆ ಅಷ್ಟೇ ಗಾಳಿ ಒಳಹೋಗಬೇಕು. ನಾಲಿಗೆಯಲ್ಲಿರುವ ಸಣ್ಣ ಕಾಲುವೆ ಈ ಲೆಕ್ಕ ನೋಡಿಕೊಳ್ಳುತ್ತದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಪೆನ್ನಿನ ಗುಟ್ಟೂ ನಾಲಿಗೆಯ ಈ ಸೀಳುಗಳಲ್ಲೇ ಇತ್ತು.

ಹಾಗಾಗಿ ಬಿರುಕು, ಸಡಿಲ ಥ್ರೆಡ್, ಹರಿದ ರಬ್ಬರ್ ಇವೆಲ್ಲ ಒಂದೇ ಕೆಲಸ ಮಾಡುತ್ತವೆ. ಗಾಳಿಗೆ ಕಳ್ಳದಾರಿ ತೆರೆಯುತ್ತವೆ. ಎಷ್ಟೋ ಸಲ ಗಾಳಿ ನುಗ್ಗುವುದು ಹಿಂದಿನಿಂದ, ಶಾಯಿ ಬೀಳುವುದು ಮುಂದಿನಿಂದ. ಹನಿ ಬಿದ್ದ ಜಾಗ ನೋಡಿ ನಿಬ್ಬಿಗೆ ಬೈಯುವ ಮೊದಲು ಇದನ್ನು ನೆನಪಿಡಿ.

ಮನೆಯಲ್ಲಿ ಸರಿಯಾಗಿರುವ ಪೆನ್, ಬೆಂಗಳೂರಿಗೆ ಹೋದರೆ ಕಿಸೆಯಲ್ಲಿ ಕಕ್ಕುತ್ತದೆ. ಎಂತ ಕತೆ?

ಘಟ್ಟದ ಕತೆ! ನಮ್ಮ ಊರು ಸಮುದ್ರಮಟ್ಟದಲ್ಲಿದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಶಿರಾಡಿ ಘಾಟಿ ಹತ್ತಿ ಹೋಗುವಾಗ ಹೊರಗಿನ ಗಾಳಿಯ ಒತ್ತಡ ಶೇ 10ರಷ್ಟು ಇಳಿಯುತ್ತದೆ. ಪೆನ್ನಿನೊಳಗೆ ಸಿಕ್ಕಿಕೊಂಡ ಗಾಳಿ ಅಷ್ಟೇ ಪಾಲು ಹಿಗ್ಗುತ್ತದೆ. ಜಾಗ ಸಾಲದೆ ಶಾಯಿಯನ್ನು ಹೊರಗೆ ತಳ್ಳುತ್ತದೆ.

ಲೆಕ್ಕ ಹಾಕಿ ನೋಡಿ, ಮಜಾ ಉಂಟು. ಕನ್ವರ್ಟರ್, ಅಂದರೆ ಬ್ಯಾರಲ್ಲಿನೊಳಗೆ ಕೂರುವ ಶಾಯಿಯ ಸಣ್ಣ ಕೊಳವೆ, ಅರ್ಧ ಖಾಲಿ ಎಂದಿಟ್ಟುಕೊಳ್ಳಿ. ಒಳಗೆ ಅರ್ಧ ಮಿಲಿಲೀಟರ್ ಗಾಳಿ. ಅದರ ಶೇ 10 ಎಂದರೆ 0.05 ಮಿಲಿಲೀಟರ್. ಸರಿಯಾಗಿ ಒಂದು ಹನಿ. ಒಂದು ಹನಿಯನ್ನು ನಾಲಿಗೆಯ ಅಂಚಿನಲ್ಲಿರುವ ಬಾಚಣಿಗೆಯಂಥ ಹಲ್ಲುಗಳು ಹಿಡಿದಿಟ್ಟುಕೊಳ್ಳುತ್ತವೆ. ಆ ಹಲ್ಲುಗಳು ಇರುವುದೇ ಅದಕ್ಕೆ, ಚಂದಕ್ಕಲ್ಲ. ಆದರೆ ಬ್ಯಾರಲ್ಲಿಗೇ ಶಾಯಿ ತುಂಬುವ ದಪ್ಪ ಡ್ರಾಪರ್ ಪೆನ್ನಿನಲ್ಲಿ 2 ಮಿಲಿಲೀಟರ್ ಗಾಳಿ ಇದ್ದರೆ ನಾಲ್ಕು ಹನಿ ಹೊರಬರುತ್ತದೆ. ಅಷ್ಟನ್ನು ಯಾವ ನಾಲಿಗೆಯೂ ಹಿಡಿಯಲಾರದು. ನಿಮ್ಮ ಅಂಗಿ ಹಿಡಿಯುತ್ತದೆ.

ಬಿಸಿಲಿನಲ್ಲೂ ಇದೇ ಲೆಕ್ಕ. 30 ಡಿಗ್ರಿಯಲ್ಲಿದ್ದ ಗಾಳಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ 60 ಡಿಗ್ರಿಗೆ ಏರಿದರೆ, ಅದೂ ಶೇ 10ರಷ್ಟು ಹಿಗ್ಗುತ್ತದೆ. ಅಂದರೆ ಏಪ್ರಿಲ್ ಮಧ್ಯಾಹ್ನ ಪೆನ್ನನ್ನು ಕಾರಿನಲ್ಲಿ ಮರೆತರೆ, ಹಂಪನಕಟ್ಟೆಯಲ್ಲಿ ನಿಂತಲ್ಲೇ ಅದು ಬೆಂಗಳೂರಿಗೆ ಹೋಗಿ ಬಂದ ಹಾಗೆ.

ಮದ್ದು ಸುಲಭ. ಹೊರಡುವ ಮೊದಲು ಶಾಯಿ ಪೂರ್ತಿ ತುಂಬಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ನಿಬ್ ಮೇಲೆ ಇರುವ ಹಾಗೆ ಇಡಿ. ಆಗ ಹಿಗ್ಗಿದ ಗಾಳಿ ನಾಲಿಗೆಯ ದಾರಿಯಲ್ಲಿ ಸುಮ್ನೆ ಹೊರಹೋಗುತ್ತದೆ, ಶಾಯಿ ಕೆಳಗೇ ಕೂತಿರುತ್ತದೆ. ರಿಪೇರಿಯ ಅಗತ್ಯವೇ ಇಲ್ಲ.

ಬಜ್ಪೆಯಿಂದ ವಿಮಾನದಲ್ಲಿ ಹೋದರೆ?

ಅದೇ ಉಪಾಯ, ಇನ್ನಷ್ಟು ಜಾಗ್ರತೆ. ಕ್ಯಾಬಿನ್ನಿನೊಳಗಿನ ಒತ್ತಡ ಬೆಂಗಳೂರಿಗಿಂತಲೂ ಕಡಿಮೆ ಇರುತ್ತದೆ. ವಿಮಾನ ಏರುವಾಗ ಕ್ಯಾಪ್ ತೆರೆಯಬೇಡಿ.

ಡ್ರಾಪರ್ ಪೆನ್ ಕತ್ತಿನ ಹತ್ತಿರ ಸೋರುತ್ತದೆ. ಬೆರಳೆಲ್ಲ ನೀಲಿ.

ನಮ್ಮ ಊರಲ್ಲಿ ಅತಿ ಹೆಚ್ಚು ಬರುವ ದೂರು ಇದೇ. ಗುಣವಾಗುವುದೂ ಅಷ್ಟೇ ಸುಲಭ. ರಾಜಮಂಡ್ರಿಯ ರತ್ನಂ ಪೆನ್ನಿನಂಥ, ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಪೆನ್ನುಗಳಲ್ಲಿ ಬ್ಯಾರಲ್ಲೇ ಶಾಯಿಯ ಟ್ಯಾಂಕಿ. ಅದನ್ನು ಮುಚ್ಚುವುದು ಬರೀ ಥ್ರೆಡ್. ಥ್ರೆಡ್ಡಿಗೆ ಸಿಲಿಕಾನ್ ಗ್ರೀಸ್ ಹಚ್ಚಬೇಕು. ಶುದ್ಧ ಸಿಲಿಕಾನ್ ಗ್ರೀಸ್ ಎಂದೇ ಕೇಳಿ ತೆಗೆದುಕೊಳ್ಳಿ. ಸಣ್ಣ ಡಬ್ಬಿ 100ರಿಂದ 200 ರೂಪಾಯಿ, ಐದಾರು ವರ್ಷ ಬರುತ್ತದೆ.

ಹಚ್ಚುವ ಕ್ರಮ ಹೀಗೆ. ಹಳೆಯ ಗ್ರೀಸ್, ಒಣಗಿದ ಶಾಯಿ ಎರಡನ್ನೂ ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿ ತೆಗೆಯಿರಿ. ಒಣಗಿಸಿ. ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಗ್ರೀಸ್ ತೆಗೆದು ಕತ್ತಿನ ಥ್ರೆಡ್ಡಿನ ಮಧ್ಯದ ಎರಡು ಸುತ್ತಿಗೆ ಮಾತ್ರ ಸವರಿ. ತುದಿಗೆ ಬೇಡ. ತುದಿಗೆ ಹಚ್ಚಿದರೆ ಅದು ಒಳಗೆ ಹೋಗಿ ನಾಲಿಗೆಯ ಕಾಲುವೆ ಕಟ್ಟುತ್ತದೆ, ಆಮೇಲೆ ಪೆನ್ ಬರೆಯುವುದೇ ಇಲ್ಲ. ತಿರುಗಿಸಿ ಮುಚ್ಚಿ. ಕೈಗೆ ಸಾಕೆನಿಸಿದಲ್ಲಿ ನಿಲ್ಲಿಸಿ, ಪ್ರೆಶರ್ ಕುಕ್ಕರ್ ಅಲ್ಲ ಅದು. ಜಾಸ್ತಿ ಬಿಗಿದರೆ ಬ್ಯಾರಲ್ಲಿನ ಬಾಯಿ ಸೀಳುತ್ತದೆ.

ಆಗಲೂ ಸೋರಿದರೆ ಒಂದು ತೆಳು ಓ-ರಿಂಗ್ (ರಬ್ಬರ್ ಬಳೆ) ಹಾಕಿ. ಪಂಪ್ ರಿಪೇರಿ ಅಂಗಡಿಯಲ್ಲಿ ಪೆನ್ನನ್ನೇ ತೋರಿಸಿ ಅಳತೆ ನೋಡಿ ತೆಗೆದುಕೊಳ್ಳಬಹುದು, ಐದೋ ಹತ್ತೋ ರೂಪಾಯಿ. ಆ ಅಂಗಡಿಯವರ ಮುಖ ನೋಡುವುದೇ ಒಂದು ಮಜಾ.

ಇನ್ನೊಂದು ಮಾತು. ಡ್ರಾಪರ್ ಪೆನ್ನಿನಲ್ಲಿ ಶಾಯಿ ಕಾಲು ಭಾಗಕ್ಕೆ ಇಳಿದಾಗ ಕೈಯ ಬಿಸಿಗೇ ಅದು ಕಕ್ಕುತ್ತದೆ. ಅದು ದೋಷ ಅಲ್ಲ. ಅಷ್ಟಕ್ಕೆ ಇಳಿಯುವ ಮೊದಲೇ ತುಂಬಿಸಿಬಿಡಿ.

ತೆಂಗಿನೆಣ್ಣೆ ಹಚ್ಚಬಹುದಾ? ವ್ಯಾಸಲೀನ್?

ಬೇಡ ಮಾರಾಯ್ರೆ. ತೆಂಗಿನೆಣ್ಣೆ ನಮಗೆ ಎಲ್ಲದಕ್ಕೂ ಮದ್ದು, ಒಪ್ಪುತ್ತೇನೆ. ಆದರೆ ಪೆನ್ನಿನೊಳಗೆ ಅದು ಕಮಟುತ್ತದೆ, ಶಾಯಿಯ ಜೊತೆ ಹೋಗಿ ನಿಬ್ಬಿನ ಸೀಳಿನಲ್ಲಿ ಕೂರುತ್ತದೆ. ವ್ಯಾಸಲೀನ್ ಪೆಟ್ರೋಲಿಯಂನಿಂದ ಮಾಡಿದ್ದು, ರಬ್ಬರ್ ಮುಟ್ಟಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಪ್ಲಂಬರ್ ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಅರ್ಜೆಂಟಿಗೆ ಒಂದು ಸುತ್ತು ಹಾಕಬಹುದು. ಎರಡನೇ ಸುತ್ತಿಗೆ ಬ್ಯಾರಲ್ ಬಿರಿಯುವ ಭಯ ಉಂಟು.

ಕನ್ವರ್ಟರ್ ಅಥವಾ ಕಾರ್ಟ್ರಿಜ್ (ಶಾಯಿ ತುಂಬಿಯೇ ಬರುವ ಕೊಳವೆ) ಇರುವ ಪೆನ್ನಿನ ಬ್ಯಾರಲ್ ಬಿಚ್ಚಿದರೆ ಒಳಗೆಲ್ಲ ಶಾಯಿ.

ಕನ್ವರ್ಟರಿನ ಬಾಯಿ ಸಡಿಲವಾಗಿದೆ, ಇಲ್ಲವೇ ಒಳಗಿನ ಪಿಸ್ಟನ್ನಿನ ಸೀಲ್ ಸವೆದಿದೆ. ಪಿಸ್ಟನ್ನಿನ ಹಿಂದೆ ಶಾಯಿ ಕಂಡರೆ ಸೀಲ್ ಹೋಗಿದೆ. ರಿಪೇರಿ ಮಾಡಿ ಕೈ ಕೊಳಕು ಮಾಡಿಕೊಳ್ಳಬೇಡಿ, ಹೊಸತು ಹಾಕಿ.

ಆದರೆ ಎಲ್ಲ ಕನ್ವರ್ಟರ್ ಎಲ್ಲ ಪೆನ್ನಿಗೆ ಆಗುವುದಿಲ್ಲ. ಪಾರ್ಕರ್, ಲ್ಯಾಮಿ, ಪೈಲಟ್, ಇವಕ್ಕೆಲ್ಲ ಅವರವರದ್ದೇ ಅಳತೆ. ಉಳಿದ ತುಂಬಾ ಪೆನ್ನುಗಳಿಗೆ ಇಂಟರ್‌ನ್ಯಾಷನಲ್ ಅಳತೆ ಎಂಬುದು ಹೊಂದುತ್ತದೆ. ಸೋರುವ ಪೆನ್ನುಗಳಲ್ಲಿ ಎಷ್ಟೋ ಸಲ ನಾನು ನೋಡುವುದು ಬೇರೆ ಕಂಪನಿಯ ಕನ್ವರ್ಟರನ್ನು ಒತ್ತಿ ತುರುಕಿದ್ದು. ಸಾದಾ ಕನ್ವರ್ಟರ್ 100 ರೂಪಾಯಿಯ ಆಸುಪಾಸು, ಕಂಪನಿಯದ್ದೇ ಬೇಕಾದರೆ 250ರಿಂದ 500.

ಖಾಲಿಯಾದ ಕಾರ್ಟ್ರಿಜ್ಜಿಗೆ ಸಿರಿಂಜಿನಿಂದ ಶಾಯಿ ತುಂಬಿ ಮತ್ತೆ ಮತ್ತೆ ಬಳಸುವವರು ಗಮನಿಸಿ. ಏಳೆಂಟು ಸಲದ ಮೇಲೆ ಅದರ ಬಾಯಿ ಅಗಲವಾಗುತ್ತದೆ. ನಾನೂ ಹಾಗೆ ಮಾಡುವವನೇ, ಬೈಯುವ ಹಕ್ಕು ನನಗಿಲ್ಲ.

ಪೆನ್ ಕೆಳಗೆ ಬಿದ್ದ ಮೇಲೆ ನಿಬ್ಬಿನಿಂದ ಹನಿ ಬೀಳುತ್ತದೆ.

ನಿಬ್ಬನ್ನು ಬದಿಯಿಂದ ನೋಡಿ. ನಿಬ್ ಮತ್ತು ನಾಲಿಗೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಇರಬೇಕು. ನಡುವೆ ಬೆಳಕು ಕಂಡರೆ ಅಲ್ಲಿ ಶಾಯಿ ಮಡುಗಟ್ಟಿ ಬೀಳುತ್ತದೆ. ಆಮೇಲೆ ಎದುರಿನಿಂದ ನೋಡಿ. ಎರಡು ತುದಿಗಳು ಒಂದೇ ಮಟ್ಟದಲ್ಲಿ ಇರಬೇಕು, ಸೀಳು ತುದಿಗೆ ಬರುವಷ್ಟರಲ್ಲಿ ಕಿರಿದಾಗಬೇಕು. ಅಗಲವಾಗಿ ಬಾಯ್ಬಿಟ್ಟಿದ್ದರೆ ಶಾಯಿ ಜಾಸ್ತಿ ಹರಿಯುತ್ತದೆ.

ಬರೀ ಸರಿದದ್ದಾದರೆ ನಿಬ್ ಮತ್ತು ನಾಲಿಗೆಯನ್ನು ಒಟ್ಟಿಗೆ ಹಿಡಿದು, ಒದ್ದೆ ಬಟ್ಟೆ ಸುತ್ತಿ, ನೇರಕ್ಕೆ ಎಳೆದು ತೆಗೆದು ಮತ್ತೆ ಕೂರಿಸಿದರೆ ಆಯಿತು. ಆದರೆ ಎಲ್ಲ ಪೆನ್ನಿನ ನಿಬ್ ಹೀಗೆ ಎಳೆದರೆ ಬರುವುದಿಲ್ಲ, ಕೆಲವು ತಿರುಪಿನವು. ಬಾರದಿದ್ದರೆ ಬಿಡಿ. ಬಾಗಿದ ನಿಬ್ಬನ್ನು ಇಕ್ಕಳದಿಂದ ತಿದ್ದಲು ಹೋಗಬೇಡಿ. ಸ್ಟೀಲ್ ನಿಬ್ ಬದಲಾಯಿಸುವುದೇ ಅಗ್ಗ. ಸಾದಾ ದೇಸಿ ನಿಬ್ 30ರಿಂದ 100 ರೂಪಾಯಿ. ಚಿನ್ನದ ನಿಬ್ಬಾದರೆ ಮಾತ್ರ ತಿದ್ದಿಸುವ ಯೋಚನೆ ಮಾಡಿ, ಅದೂ ಕೈಪಳಗಿದವರ ಹತ್ತಿರ.

ನಾಲಿಗೆ ಎಬೊನೈಟಿನದ್ದಾದರೆ ಇನ್ನೊಂದು ದಾರಿ ಉಂಟು. ನಿಬ್ ಮತ್ತು ನಾಲಿಗೆಯನ್ನು ಜೋಡಿಸಿ, ಕುದಿ ನಿಂತ ಬಿಸಿನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ತೆಗೆದು ಬಟ್ಟೆಯಲ್ಲಿ ಹಿಡಿದು ಒತ್ತಿದರೆ ನಾಲಿಗೆ ನಿಬ್ಬಿನ ಬೆನ್ನಿಗೆ ಕೂರುತ್ತದೆ. ಪ್ಲಾಸ್ಟಿಕ್ ನಾಲಿಗೆಗೆ ಈ ಪ್ರಯೋಗ ಬೇಡ, ಹಲ್ಲುಗಳು ಸೊಟ್ಟಗಾಗುತ್ತವೆ.

ಅಜ್ಜನ ಪೆನ್ ಕಪಾಟಿನಲ್ಲಿ ಸಿಕ್ಕಿತು. ಶಾಯಿ ತುಂಬಿದ ತಕ್ಷಣ ಎಲ್ಲ ಕಡೆಯಿಂದ ಸೋರಿತು.

ನಮ್ಮ ಜಿಲ್ಲೆಗಳಲ್ಲಿ ಈ ಪ್ರಶ್ನೆ ಬರಲೇಬೇಕು. ಇದು ಬ್ಯಾಂಕುಗಳ ನಾಡು. ಕೆನರಾ ಬ್ಯಾಂಕ್ ಹುಟ್ಟಿದ್ದು 1906ರಲ್ಲಿ ಮಂಗಳೂರಿನಲ್ಲಿ, ಅದೇ ವರ್ಷ ಕಾರ್ಪೊರೇಶನ್ ಬ್ಯಾಂಕ್ ಉಡುಪಿಯಲ್ಲಿ. ಆಮೇಲೆ ಕರ್ಣಾಟಕ ಬ್ಯಾಂಕ್, ಸಿಂಡಿಕೇಟ್, ವಿಜಯಾ. ಎಷ್ಟೋ ಮನೆಗಳಲ್ಲಿ ಒಬ್ಬ ಅಜ್ಜನೋ ದೊಡ್ಡಪ್ಪನೋ ಲೆಡ್ಜರ್ ಬರೆದು ನಿವೃತ್ತರಾದವರು. ಅವರ ಪೆನ್ ಕನ್ನಡಕದ ಡಬ್ಬಿಯಲ್ಲೋ ಹಳೆಯ ಪಾಸ್‌ಬುಕ್ಕಿನ ಕಟ್ಟಿನಲ್ಲೋ ಮಲಗಿರುತ್ತದೆ.

ಅಂಥ ಪೆನ್ ಸಿಕ್ಕಿದರೆ ಮೊದಲು ಶಾಯಿ ತುಂಬಬೇಡಿ. ಒಳಗೆ ಸಾಮಾನ್ಯವಾಗಿ ರಬ್ಬರಿನ ಚೀಲ ಇರುತ್ತದೆ, ಬಲೂನಿನ ಹಾಗೆ. ವರ್ಷಗಟ್ಟಲೆ ಒಣಗಿ ಅದು ಸುಟ್ಟ ಹಪ್ಪಳದ ಹಾಗೆ ಗರಿಗರಿಯಾಗಿರುತ್ತದೆ, ಇಲ್ಲವೇ ಡಾಂಬರಿನ ಹಾಗೆ ಅಂಟಾಗಿರುತ್ತದೆ. ಬ್ಯಾರಲ್ಲನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಚರಚರ ಸದ್ದು ಬಂದರೆ ಚೀಲ ಪುಡಿಯಾಗಿದೆ.

ಹೊಸ ಚೀಲ ಹಾಕಬಹುದು. ಅದನ್ನು ಅಂಟಿಸುವುದು ಅರಗಿನಿಂದ. ಬಡಗಿಗಳು ಪಾಲಿಶಿಗೆ ಸ್ಪಿರಿಟ್ಟಿನಲ್ಲಿ ಕರಗಿಸುತ್ತಾರಲ್ಲ, ಅದೇ ಅರಗು. ಅರಗು ಯಾಕೆಂದರೆ, ಮುಂದೆ ಇನ್ಯಾರೋ ಬಿಚ್ಚಬೇಕಾದಾಗ ಹದವಾದ ಬಿಸಿಗೆ ಅದು ಬಿಡುತ್ತದೆ. ನಮ್ಮ ಪಕ್ಕದ ಮನೆಯ ಟೀಚರಮ್ಮನ ಅಪ್ಪನ ಪೆನ್ ಹೀಗೆ ಬಂದಿತ್ತು. ಹೇರ್ ಡ್ರೈಯರಿನ ಬಿಸಿಗಾಳಿ ದೂರದಿಂದ ತೋರಿಸುತ್ತಾ, ಹತ್ತು ಸೆಕೆಂಡಿಗೊಮ್ಮೆ ಕೆನ್ನೆಗೆ ತಾಗಿಸಿ ಬಿಸಿ ನೋಡುತ್ತಾ, ಕತ್ತನ್ನು ಮೆಲ್ಲಗೆ ತಿರುಚಿದೆ. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಟಿಕ್ ಎಂದು ಬಿಟ್ಟಿತು. ಒಳಗಿನಿಂದ ಕಪ್ಪು ಚೂರುಗಳು, ಜೊತೆಗೆ ಒಣಗಿದ ನೀಲಿ ಪುಡಿ ಬಿತ್ತು. ಟೀಚರಮ್ಮ ಆ ಪುಡಿಯ ಮೇಲೆ ಒಂದು ಹನಿ ನೀರು ಹಾಕಿದರು. ಅಪ್ಪನ ಅಕ್ಷರದ ಬಣ್ಣ ಹಾಗೇ ಎದ್ದು ಬಂತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಚೀಲ ಬದಲಿಸಲು ಗೊತ್ತಿದ್ದವರು 300ರಿಂದ 800 ರೂಪಾಯಿ ತೆಗೆದುಕೊಳ್ಳುತ್ತಾರೆ. ಚೀಲದ ಬೆಲೆ ಕಡಿಮೆಯೇ, ದುಡ್ಡು ಹೋಗುವುದು ಒಡೆಯದೆ ಬಿಚ್ಚುವ ಕೈಗೆ. ಒಂದು ವಿನಾಯಿತಿ ಉಂಟು. ಅಜ್ಜನದ್ದು ಲೋಹದ ಕೊಳವೆಯ ಸಂದಿಯಲ್ಲಿ ಒತ್ತಿ ಶಾಯಿ ತುಂಬುವ ಪಾರ್ಕರ್ 51 ಆದರೆ ಅದರ ಚೀಲ ರಬ್ಬರ್ ಅಲ್ಲ, ಪ್ಲಾಸ್ಟಿಕ್. ಸಾಮಾನ್ಯವಾಗಿ ಇವತ್ತಿಗೂ ಗಟ್ಟಿಯಾಗಿರುತ್ತದೆ. ಚೀಲ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ, ಮೊದಲು ಬರೀ ತೊಳೆದು ನೋಡಲು ಹೇಳಿ.

ಎಲ್ಲ ಸರಿ, ಒಟ್ಟು ಎಷ್ಟಾಗುತ್ತದೆ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ. ತೊಳೆಯುವುದು, ಗ್ರೀಸ್ ಹಚ್ಚುವುದು ನೀವೇ ಮಾಡಿದರೆ 200 ರೂಪಾಯಿಯೊಳಗೆ ಮುಗಿಯುತ್ತದೆ, ಅದೂ ಗ್ರೀಸ್ ಡಬ್ಬಿ ಸೇರಿ. ನಿಬ್, ಕನ್ವರ್ಟರ್ ಎರಡೂ ಬದಲಾದರೆ ಸಾದಾ ಪೆನ್ನಿಗೆ 150ರಿಂದ 300. ಹಳೆಯ ಪೆನ್ನಿನ ಚೀಲದ ದರ ಮೇಲೆ ಹೇಳಿದೆ. ಬಿರುಕು ಬಿಟ್ಟ ಕತ್ತಿಗೆ ಬದಲಿ ಭಾಗ ಸಿಕ್ಕಿದರೆ ಪುಣ್ಯ, ಸಿಗದಿದ್ದರೆ ಅದೇ ಕಂಪನಿಯ ಇನ್ನೊಂದು ಹಾಳಾದ ಪೆನ್ ಹುಡುಕಿ ಅದರಿಂದ ತೆಗೆಯಬೇಕು. ವಿದೇಶಿ ಪಿಸ್ಟನ್ ಪೆನ್ನಿನ ಸೀಲ್ ಬದಲಾಯಿಸಲು ಸಾವಿರ ದಾಟುತ್ತದೆ, ಎರಡು ಸಾವಿರವೂ ಆಗಬಹುದು.

ಊರಿಂದ ಹೊರಗೆ ಕಳಿಸಿದರೆ ಹೋಗಿ ಬರುವ ಪಾರ್ಸೆಲ್ ಖರ್ಚು ಬೇರೆ. 150 ರೂಪಾಯಿಯ ಪೆನ್ನಿಗೆ 200 ರೂಪಾಯಿ ಪಾರ್ಸೆಲ್ ಹಾಕುವ ಮೊದಲು ಲೆಕ್ಕ ಹಾಕಿ. ಪ್ರೀತಿಯ ಪೆನ್ನಾದರೆ ಲೆಕ್ಕ ಹಾಕಬೇಡಿ.

ಪೆನ್ ಕೊಡುವ ಮೊದಲು "ಬಿಚ್ಚಿ ನೋಡಿ ದರ ಹೇಳಿ, ನಾನು ಹೂಂ ಎಂದ ಮೇಲೆ ಕೆಲಸ ಮಾಡಿ" ಎಂದು ಹೇಳಿ. ತೆಗೆದ ಹಳೆಯ ಭಾಗಗಳನ್ನು ವಾಪಸ್ ಕೇಳಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಂಗಳೂರು, ಉಡುಪಿಯಲ್ಲಿ ಎಲ್ಲಿ ಕೊಡುವುದು?

ಪೆನ್ ರಿಪೇರಿಗೆಂದೇ ಕೂತವರು ಈಗ ತುಂಬಾ ಕಡಿಮೆ. ಕಾರ್‌ಸ್ಟ್ರೀಟ್, ಹಂಪನಕಟ್ಟೆ ಕಡೆಯ ಹಳೆಯ ಸ್ಟೇಷನರಿ ಅಂಗಡಿಗಳಲ್ಲಿ, ಉಡುಪಿಯ ರಥಬೀದಿಯ ಸುತ್ತಮುತ್ತ ಕೇಳಿ ನೋಡಿ. ಗಲ್ಲಾಪೆಟ್ಟಿಗೆಯ ಹತ್ತಿರ ಹಿರಿಯರು ಕೂತಿರುವ ಅಂಗಡಿಯನ್ನೇ ಆರಿಸಿ. ಡ್ರಾವರಿನ ಮೂಲೆಯಲ್ಲಿ ನಿಬ್ಬುಗಳ ಡಬ್ಬಿ ಇದ್ದರೂ ಇದ್ದೀತು. ವಾಚ್ ರಿಪೇರಿಯವರ ಹತ್ತಿರ ಕಣ್ಣಿಗೆ ಹಾಕುವ ಲೆನ್ಸ್ ಮತ್ತು ಸ್ಥಿರವಾದ ಕೈ ಇರುತ್ತದೆ. ನಿಬ್ ತುದಿ ಸರಿಯಾಗಿದೆಯಾ ಎಂದು ನೋಡಿಸಲು ಅವರು ಸಾಕು.

ಪಾರ್ಸೆಲ್ ಮಾಡುವುದಾದರೆ ಶಾಯಿ ಖಾಲಿ ಮಾಡಿ, ತೊಳೆದು, ಗಟ್ಟಿ ಪೈಪಿನ ತುಂಡಿನೊಳಗೆ ಬಟ್ಟೆ ಸುತ್ತಿ ಕಳಿಸಿ.

ಒಂದು ಅಂಗಡಿಯಲ್ಲಿ ಫೆವಿಕ್ವಿಕ್ ಹಾಕಿ ಕೊಟ್ಟರು. ಪರವಾಗಿಲ್ವಾ?

ನನ್ನ ಸ್ವಂತ ಗಾಯ ಇದು. ಕಾಲೇಜಿನಲ್ಲಿದ್ದಾಗ ಮಾವ ಕೊಟ್ಟ ಪೆನ್ನಿನ ಥ್ರೆಡ್ ಸೋರುತ್ತಿತ್ತು. ಒಬ್ಬರಿಗೆ ಕೊಟ್ಟೆ. ಮರುದಿನ "ಇನ್ನು ಜನ್ಮದಲ್ಲಿ ಸೋರುವುದಿಲ್ಲ" ಎಂದು ಕೊಟ್ಟರು. ನಿಜವೇ, ಸೋರಲಿಲ್ಲ. ಬಿಚ್ಚಲೂ ಆಗಲಿಲ್ಲ. ಡ್ರಾಪರ್ ಪೆನ್ ಬಿಚ್ಚದೆ ಶಾಯಿ ತುಂಬುವುದು ಎಲ್ಲಿಗೆ? ಒಳಗಿದ್ದ ಶಾಯಿ ಮುಗಿಯುವ ತನಕ ಬರೆದೆ. ಈಗಲೂ ಆ ಪೆನ್ ನನ್ನ ಮೇಜಿನ ಮೇಲಿದೆ, ಕಾಗದ ಹಾರದ ಹಾಗೆ ಭಾರಕ್ಕೆ.

ಬಿಚ್ಚಬೇಕಾದ ಜಾಗಕ್ಕೆ ಎಂದೂ ಆ ಅಂಟು ಬೇಡ. ಕ್ಯಾಪಿನ ಹೊರ ಬಿರುಕಿಗೆ ಹಾಕಬಹುದೇನೋ, ಅದೂ ಕೆಲವು ಪ್ಲಾಸ್ಟಿಕ್ಕಿಗೆ ಬಿಳಿ ಮಂಜು ಹಿಡಿಯುತ್ತದೆ.

ತೊಳೆಯುವುದು ಹೇಗೆ? ಬಾವಿ ನೀರು ಸಾಕಾ?

ತಣ್ಣೀರು ಸಾಕು, ಬಿಸಿನೀರು ಬೇಡ. ಸೂಜಿ ತೆಗೆದ ಸಿರಿಂಜಿನಿಂದ ಕತ್ತಿನ ಹಿಂಬದಿಯಿಂದ ನೀರು ಹಾಯಿಸಿ, ತಿಳಿ ನೀರು ಬರುವ ತನಕ. ಶಾಯಿ ಗಟ್ಟಿಯಾಗಿದ್ದರೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ ರಾತ್ರಿ ನೆನೆಸಿ. ಆದರೆ ಎಬೊನೈಟ್ ಬ್ಯಾರಲ್ ಮುಳುಗಿಸಬೇಡಿ, ಕಪ್ಪು ಬಣ್ಣ ಕಂದಾಗುತ್ತದೆ. ಸ್ಯಾನಿಟೈಸರ್, ಸ್ಪಿರಿಟ್, ನೈಲ್ ಪಾಲಿಶ್ ರಿಮೂವರ್ ಯಾವುದೂ ಹತ್ತಿರ ಸುಳಿಯಬಾರದು. ಪ್ಲಾಸ್ಟಿಕ್ ಕರಗುತ್ತದೆ ಅಥವಾ ಬಿರಿಯುತ್ತದೆ.

ಬಾವಿ ನೀರಿನಿಂದ ತೊಳೆಯಬಹುದು. ಬೋರ್‌ವೆಲ್ ನೀರು ಗಡುಸಾಗಿದ್ದರೆ, ಬಕೆಟಿನಲ್ಲಿ ಕೆಂಪು ಕರೆ ಹಿಡಿಯುತ್ತಿದ್ದರೆ, ಕೊನೆಯ ಎರಡು ಸಲಕ್ಕೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಆ್ಯಸಿಡ್ ಅಲ್ಲ, ನೀರು! ಬಾಟಲಿಯ ಲೇಬಲ್ ಓದಿ.

ಮಳೆಗಾಲದಲ್ಲಿ ಮಾತ್ರ ಶಾಯಿ ಹರಡುತ್ತದೆ. ಪೆನ್ ಹಾಳಾಯಿತಾ?

ಪೆನ್ ಅಲ್ಲ, ಕಾಗದ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಪುಸ್ತಕಗಳೆಲ್ಲ ಹಸಿ ಹಪ್ಪಳದ ಹಾಗೆ ಮೆತ್ತಗಿರುತ್ತವೆ. ತೇವ ಹೀರಿದ ಕಾಗದದಲ್ಲಿ ಶಾಯಿ ಬೇರು ಬಿಡುತ್ತದೆ. ಪೆಲಿಕನ್ 4001ರಂಥ ಸ್ವಲ್ಪ ಒಣ ಸ್ವಭಾವದ ಶಾಯಿ ಹಾಕಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಮಳೆಗಾಲದ ನಿಜವಾದ ಶತ್ರು ಬೂಸ್ಟು. ಬಾಟಲಿಯ ಶಾಯಿಯ ಮೇಲೆ ಕೆನೆಯಂಥ ಪದರ ಕಂಡರೆ, ಮುಗ್ಗು ವಾಸನೆ ಬಂದರೆ, ಸೋಸಿ ಬಳಸುವ ಆಸೆ ಬಿಡಿ. ಇಡೀ ಬಾಟಲಿ ಚೆಲ್ಲಿ. ಆ ಬೂಸ್ಟು ನಾಲಿಗೆಯ ಗಾಳಿದಾರಿ ಕಟ್ಟಿದರೆ ಪೆನ್ ಒಮ್ಮೆ ಬರೆಯುವುದಿಲ್ಲ, ಒಮ್ಮೆ ದಬದಬ ಸುರಿಯುತ್ತದೆ.

ಅಂಗಿಯ ಕಿಸೆಗೆ ಶಾಯಿ ಆಗಿದೆ.

ಕೂಡಲೇ ಹಿಂಬದಿಯಿಂದ ತಣ್ಣೀರು ಬಿಡಿ. ಉಜ್ಜಬೇಡಿ, ಬಿಸಿನೀರು ಬೇಡ, ಇಸ್ತ್ರಿ ಅಂತೂ ಬೇಡವೇ ಬೇಡ. ರಾಯಲ್ ಬ್ಲೂ ಆದರೆ ಬಹುಮಟ್ಟಿಗೆ ಹೋಗುತ್ತದೆ. ಪಿಗ್‌ಮೆಂಟ್ ಇರುವ ಕಪ್ಪಾದರೆ ಆ ಅಂಗಿ ಇನ್ನು ತೋಟಕ್ಕೆ ಹೋಗುವಾಗ ಹಾಕಿಕೊಳ್ಳಲಿಕ್ಕೆ.

ಹೊಸ ಪೆನ್, ಮೊದಲ ದಿನವೇ ಸೋರಿತು.

ಬಿಚ್ಚಬೇಡಿ, ಗ್ರೀಸ್ ಹಚ್ಚಬೇಡಿ. ಬಿಲ್ ಹಿಡಿದು ಅಂಗಡಿಗೆ ಹೋಗಿ.

ಡ್ರಾಯಿಂಗ್ ಇಂಕ್ ತುಂಬಿದ್ದೆ, ಈಗ ಒಮ್ಮೆ ಕಟ್ಟುತ್ತದೆ, ಒಮ್ಮೆ ಸೋರುತ್ತದೆ.

ಇಂಡಿಯನ್ ಇಂಕ್ ಎಂದು ಮಾರುವ ಡ್ರಾಯಿಂಗ್ ಶಾಯಿಯಲ್ಲಿ ಸಾಮಾನ್ಯವಾಗಿ ಅರಗು ಇರುತ್ತದೆ. ಪೆನ್ನಿನೊಳಗೆ ಒಣಗಿದರೆ ಕಲ್ಲು. ತಕ್ಷಣ ತೊಳೆದರೆ ಬದುಕಬಹುದು. ವಾರ ಕಳೆದಿದ್ದರೆ ನಾಲಿಗೆ, ನಿಬ್ ಎರಡೂ ಹೊಸತೇ.

ರಿಪೇರಿ ಆಯಿತು. ಸರಿಯಾಗಿದೆ ಎಂದು ನಂಬುವುದು ಹೇಗೆ?

ಮೊದಲು ಶಾಯಿ ಬೇಡ, ನೀರು ತುಂಬಿ. ನಿಬ್ ಕೆಳಗೆ ಮಾಡಿ ಅದೇ ಸ್ಟೀಲ್ ಲೋಟದಲ್ಲಿ ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಟಿಶ್ಯೂ ಒಣಗಿದ್ದರೆ ನೀರು ಚೆಲ್ಲಿ, ಶಾಯಿ ತುಂಬಿ, ಟಿಶ್ಯೂ ಸುತ್ತಿ ಮತ್ತೊಂದು ರಾತ್ರಿ ಇಡಿ. ಮೂರನೇ ದಿನ ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿ ಬ್ಯಾಗಿನಲ್ಲಿಟ್ಟು ಸಿಟಿ ಬಸ್ಸಿನಲ್ಲಿ ಒಂದು ಸುತ್ತು ಹೋಗಿ ಬನ್ನಿ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್ ತನಕ ಆದರೆ ಒಳ್ಳೆಯದು, ಬ್ರೇಕು ಹಾಕುವ ಚಂದಕ್ಕೆ ಪೆನ್ನಿನ ಬಣ್ಣ ಬಯಲಾಗುತ್ತದೆ. ವಾಪಸ್ ಬಂದಾಗಲೂ ತೊಟ್ಟೆಯಲ್ಲಿ ಕಲೆ ಇಲ್ಲದಿದ್ದರೆ ಕಿಸೆಗೆ ಹಾಕಿಕೊಳ್ಳಿ. ಬಿಳಿ ಅಂಗಿಗೆ ಮಾತ್ರ ಇನ್ನೊಂದು ವಾರ ಬಿಡಿ.